ಮುಂಬಯಿ ಕನ್ನಡಿಗರ ಮದುವೆಯಲ್ಲಿ ವರ್ಣಯೋಜನೆ

ಮುಹೂರ್ತ ಗೊತ್ತಾಗಿ, ಸಭಾಗೃಹ ದೊರೆತು, ಅಡಿಗೆಯವರಿಗೆ ವೀಳ್ಯ ಕೊಟ್ಟಾದ ಮೇಲೆ ಮದುವೆಯ ಮನೆಯಲ್ಲಿ ಏಳುವ ಮುಂದಿನ ಪ್ರಶ್ನೆ ಬಣ್ಣದ್ದು. ಮಂಟಪಕ್ಕೆ ಯಾವ ಬಣ್ಣದ ಬಟ್ಟೆ ಕಟ್ಟಿಸಬೇಕು, ಹೂವು ಯಾವುದಿರಬೇಕು, ವಧುವಿನ ಸೀರೆಗೆ ಅವೆರಡೂ ಹೊಂದುವುವೆ, ಮನೆಯ ಹೆಂಗಸರೆಲ್ಲ ಒಂದೇ ಬಣ್ಣವನ್ನು ಉಡಬೇಕೆ ಎಂಬ ವಿಚಾರಗಳು ಮುಂಬಯಿಯ ಕನ್ನಡ ಮನೆಗಳಲ್ಲಿ ಇಂದು ವಾರಗಟ್ಟಲೆ ಚರ್ಚೆಗೆ ಬರುತ್ತವೆ. ಮಾಟುಂಗದಿಂದ ಡೊಂಬಿವಲಿಯವರೆಗೆ ಯಾವ ಸಭಾಗೃಹಕ್ಕೆ ಹೋದರೂ ಮಂಟಪವನ್ನು ಸಿಂಗರಿಸುವ ಗುತ್ತಿಗೆದಾರನು ಮೊದಲು ಕೇಳುವುದು ‘ಥೀಮ್ ಯಾವುದು?’ ಎಂದೇ.

ಮನೆಯ ಹಿರಿಯರಿಗೆ ಈ ಪ್ರಶ್ನೆ ವಿಚಿತ್ರವಾಗಿ ಕೇಳಿಸುವುದು ಸಹಜ. ಧಾರವಾಡದಲ್ಲೋ ಉಡುಪಿಯಲ್ಲೋ ಮಂಡ್ಯದಲ್ಲೋ ಅವರ ಮದುವೆ ನಡೆದಾಗ ಬಣ್ಣವನ್ನು ಆರಿಸುವ ಕೆಲಸ ಬಹುಮಟ್ಟಿಗೆ ಯಾರಿಗೂ ಬಿದ್ದಿರಲಿಲ್ಲ. ಯಾವ ಶಾಸ್ತ್ರಕ್ಕೆ ಯಾವ ಸೀರೆ, ಅದನ್ನು ಕೊಡತಕ್ಕವರು ಯಾರು ಎಂಬುದು ಮೊದಲೇ ಗೊತ್ತಿತ್ತು. ಬಣ್ಣ ಅದರೊಡನೆ ತಾನಾಗಿ ಬರುತ್ತಿತ್ತು. ಇಂದಿನ ತರುಣರಿಗೆ ‘ಪದ್ಧತಿ ಹಾಗಿದೆ’ ಎಂಬ ಉತ್ತರ ಸಾಲದು. ಪದ್ಧತಿಯು ಯಾವುದನ್ನು ನಿಶ್ಚಯಿಸಿದೆ, ಯಾವುದನ್ನು ಬಿಟ್ಟುಕೊಟ್ಟಿದೆ ಎಂಬುದು ಸ್ಪಷ್ಟವಾಗದೆ ಹೋದರೆ, ಹಿರಿಯರು ಎಲ್ಲವನ್ನೂ ಹಿಡಿದು ಕೂಡುತ್ತಾರೆ, ಕಿರಿಯರು ಎಲ್ಲವನ್ನೂ ಬಿಟ್ಟುಬಿಡುತ್ತಾರೆ. ಆದುದರಿಂದ ಕನ್ನಡ ನಾಡಿನ ಮದುವೆಗಳಲ್ಲಿ ಬಣ್ಣಕ್ಕಿದ್ದ ಸ್ಥಾನವನ್ನೂ, ಮುಂಬಯಿಯಲ್ಲಿ ಅದಕ್ಕೆ ಒದಗಿದ ಮಾರ್ಪಾಟನ್ನೂ ವಿವೇಚಿಸುವುದು ಪ್ರಯೋಜನಕರವಾದೀತು.

೧. ಅರಿಸಿನ ಮತ್ತು ಕುಂಕುಮ

ಕನ್ನಡಿಗರ ಮದುವೆಯಲ್ಲಿ ಜಾತಿ, ಪ್ರಾಂತಗಳ ಭೇದವನ್ನು ಬಹುಮಟ್ಟಿಗೆ ಮೀರಿ ನಿಂತ ಬಣ್ಣಗಳು ಎರಡು: ಅರಿಸಿನದ ಹಳದಿ, ಕುಂಕುಮದ ಕೆಂಪು. ಅರಿಸಿನ ಹಚ್ಚುವ ಶಾಸ್ತ್ರ, ಅರಿಸಿನದ ದಾರಕ್ಕೆ ಅರಿಸಿನದ ಕೊಂಬನ್ನು ಕಟ್ಟಿದ ಕಂಕಣ, ಅರಿಸಿನ ಬೆರೆಸಿದ ಅಕ್ಷತೆ, ಅಂತರಪಟದ ಬಿಳಿಯ ಬಟ್ಟೆಯ ಮೇಲೆ ಕುಂಕುಮದಿಂದ ಬರೆದ ಸ್ವಸ್ತಿಕ, ವಧೂವರರು ಹೊಸ್ತಿಲಿಗೆ ಬಂದಾಗ ನಿವಾಳಿಸುವ ಕೆಂಪು ನೀರಿನ ಆರತಿ—ಹೀಗೆ ಮದುವೆಯ ಮೊದಲಿನಿಂದ ಕೊನೆಯವರೆಗೆ ಈ ಎರಡು ಬಣ್ಣಗಳೇ ಕಾಣುತ್ತವೆ.

ಗಮನಿಸತಕ್ಕ ಸಂಗತಿಯೆಂದರೆ ಇವೆರಡೂ ಒಂದೇ ಗಡ್ಡೆಯಿಂದ ಹುಟ್ಟಿದವು. ಅರಿಸಿನದಲ್ಲಿ ಕರ್ಕ್ಯುಮಿನ್ ಎಂಬ ವರ್ಣದ್ರವ್ಯವಿದೆ. ಹುಳಿಯ ಸಂಪರ್ಕದಲ್ಲಿ ಅದು ಹಳದಿಯಾಗಿಯೇ ಉಳಿಯುತ್ತದೆ. ಸುಣ್ಣದಂಥ ಕ್ಷಾರ ತಗುಲಿದೊಡನೆ ಕೆಂಪಿಗೆ ತಿರುಗುತ್ತದೆ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಆರತಿಯ ಕೆಂಪು ನೀರನ್ನು ಮಾಡುವುದು ಈ ಗುಣವನ್ನವಲಂಬಿಸಿಯೇ. ಅರಿಸಿನದ ಕಲೆಯಾದ ಬಟ್ಟೆಗೆ ಸಾಬೂನು ಹಚ್ಚಿದರೆ ಕಲೆ ಕೆಂಪಾಗುವುದನ್ನು ನೋಡದ ಗೃಹಿಣಿಯಿಲ್ಲ. ಅದೂ ಇದೇ ಕ್ರಿಯೆ. ಅರಿಸಿನದ ಕೊಂಬನ್ನು ನಿಂಬೆಯ ರಸ, ಬಿಳಿಗಾರಗಳೊಡನೆ ಸಂಸ್ಕರಿಸಿ ಒಣಗಿಸಿ ಕುಟ್ಟಿ ಮಾಡುವ ಸಾಂಪ್ರದಾಯಿಕ ಕುಂಕುಮದ ಕೆಂಪಿಗೂ ಮೂಲ ಅರಿಸಿನವೇ. ಹೀಗಿರುವುದರಿಂದ ಹಳದಿಯೂ ಕೆಂಪೂ ಕನ್ನಡಿಗರ ಮದುವೆಯಲ್ಲಿ ಒಂದೇ ವಸ್ತುವಿನ ಎರಡು ಅವಸ್ಥೆಗಳೆನ್ನಬಹುದು. ಇವುಗಳನ್ನು ಬೇರೆ ಬೇರೆ ‘ಥೀಮ್’ಗಳೆಂದು ಎಣಿಸಿ ಒಂದನ್ನು ಆರಿಸಿ ಇನ್ನೊಂದನ್ನು ತೊರೆಯುವುದು ಸಾಧ್ಯವಿಲ್ಲ, ಯಾವ ಯೋಜನೆ ಮಾಡಿದರೂ ಇವು ಇದ್ದೇ ಇರುತ್ತವೆಂದು ಮೊದಲೇ ಲೆಕ್ಕಕ್ಕೆ ಹಿಡಿಯುವುದು ಲೇಸು.

೨. ನಾಡಿನ ಕೆಲವು ವರ್ಣಕ್ರಮಗಳು

ಮದುವೆಗೆ ವರ್ಣಯೋಜನೆಯೆಂಬುದು ಪರದೇಶದಿಂದ ಬಂದ ಕಲ್ಪನೆ, ಕನ್ನಡ ನಾಡಿನಲ್ಲಿ ಅಂಥದಿರಲಿಲ್ಲ ಎಂದು ಹೇಳುವವರುಂಟು. ಅದು ಪೂರ್ಣ ಸತ್ಯವಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬಗಳ ಕಡೆ ದೀವರ ಹೆಂಗಸರು ಮದುವೆಯ ಮನೆಯ ಗೋಡೆಯ ಮೇಲೆ ಹಸೆ ಚಿತ್ತಾರವನ್ನು ಬರೆಯುತ್ತಾರೆ. ಅದರಲ್ಲಿ ಬಣ್ಣಗಳು ನಾಲ್ಕೇ. ಕೆಮ್ಮಣ್ಣಿನ ಕೆಂಪು ನೆಲ. ಅಕ್ಕಿಯ ಹಿಟ್ಟಿನ ಬಿಳಿ. ಹುರಿದು ಕರಿಕಾದ ಅಕ್ಕಿಯ ಕಪ್ಪು. ಗುರಿಗೆ ಬೀಜದ ಹಳದಿ. ಪುಂಡಿಯ ನಾರನ್ನೇ ಕುಂಚವಾಗಿ ಹಿಡಿದು ಎಳೆದ ಸಣ್ಣ ಗೆರೆಗಳು ಒಂದರೊಳಗೊಂದು ಸೇರಿ ಚೌಕಟ್ಟಾಗುತ್ತವೆ. ಮನೆಯಂಗಳದಲ್ಲಿಯೂ ಗದ್ದೆಯಲ್ಲಿಯೂ ಸಿಕ್ಕ ನಾಲ್ಕು ವಸ್ತುಗಳಿಂದ ಒಂದು ಸಂಪೂರ್ಣ ವರ್ಣಯೋಜನೆ ಅಲ್ಲಿ ಸಿದ್ಧವಾಗಿದೆ. ಅದರಲ್ಲಿ ಕಪ್ಪಿಗೂ ಸ್ಥಾನವಿದೆಯೆಂಬುದು ನೆನಪಿನಲ್ಲಿಡತಕ್ಕದ್ದು.

ಉತ್ತರ ಕರ್ನಾಟಕದ ಇಳಕಲ್ಲ ಸೀರೆಯಲ್ಲಿ ಇನ್ನೊಂದು ಬಗೆಯ ಯೋಜನೆ ಕಂಡುಬರುತ್ತದೆ. ಈ ಸೀರೆಯ ಒಡಲು ದಾಳಿಂಬೆಯ ಕೆಂಪಾಗಿರಬಹುದು, ಗಿಳಿಹಸುರಾಗಿರಬಹುದು, ನವಿಲಿನ ಬಣ್ಣವಾಗಿರಬಹುದು. ಆದರೆ ಸಾಂಪ್ರದಾಯಿಕ ಸೆರಗು ಮಾತ್ರ ಕೆಂಪು ರೇಶಿಮೆಯದು, ಅದರ ಮೇಲೆ ಬಿಳಿಯ ಪಟ್ಟೆ. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿಹಾಕಿ ಜೋಡಿಸುವುದು ಅಲ್ಲಿಯ ನೇಕಾರರ ವೈಶಿಷ್ಟ್ಯ. ಈ ಜೋಡಣೆಯಿಂದಾಗಿ ಒಡಲಿನ ನೂಲು ಯಾವುದಿದ್ದರೂ, ಅದರ ಬಣ್ಣ ಎಂಥದಿದ್ದರೂ ಸೆರಗು ತನ್ನ ಬಣ್ಣವನ್ನು ಬಿಟ್ಟುಕೊಡುವುದಿಲ್ಲ. ಒಂದನ್ನು ಸ್ಥಿರವಾಗಿಟ್ಟು ಮತ್ತೊಂದನ್ನು ಉಡುವವಳ ಇಷ್ಟಕ್ಕೆ ಬಿಡುವ ಈ ಕ್ರಮದಿಂದ ಮುಂಬಯಿಯ ಮದುವೆಯ ಮನೆಗಳು ಕಲಿಯಬೇಕಾದುದು ಬಹಳವಿದೆ.

ಹಳೆಯ ಮೈಸೂರಿನ ಹಲವು ಮನೆತನಗಳಲ್ಲಿ ಧಾರೆಯ ಸೀರೆ ಬಿಳಿ ಅಥವಾ ಕೆನೆಯ ಬಣ್ಣದ್ದು, ಅಂಚು ಕೆಂಪು. ಧಾರೆಯ ಹೊತ್ತಿಗೆ ಈ ಬಿಳಿ, ಆಮೇಲೆ ವರನ ಕಡೆಯವರು ಕೊಟ್ಟ ಬಣ್ಣದ ಸೀರೆ—ಹೀಗೆ ಉಡುಗೆಯ ಬಣ್ಣ ಬದಲಾಗುವುದು ಮದುವೆಯು ಒಂದು ಹಂತದಿಂದ ಇನ್ನೊಂದಕ್ಕೆ ಸಾಗಿತೆಂಬುದನ್ನು ಸಭೆಗೆ ತಿಳಿಸುತ್ತಿತ್ತು. ಕೊಡಗಿನಲ್ಲಿ ವಧುವಿಗೆ ಕೆಂಪು ಸೀರೆ. ವರನಿಗೆ ಬಿಳಿಯ ಕುಪ್ಯ, ಅದರ ಮೇಲೆ ಕೆಂಪು ರೇಶಿಮೆಯ ಚೇಲೆ. ಅದೇ ಸಭೆಯಲ್ಲಿ ನೆರೆದ ಇತರ ಗಂಡಸರ ಕುಪ್ಯ ಕಪ್ಪು. ಕರಾವಳಿಯಲ್ಲಿ ಬಟ್ಟೆಗಿಂತ ಹೂವು ಹೆಚ್ಚು ಮಾತಾಡುತ್ತದೆ. ಶಂಕರಪುರದ ಮಲ್ಲಿಗೆಯ ಬಿಳಿ, ಅಡಿಕೆಯ ಸಿಂಗಾರದ ಎಳೆಯ ಕೆನೆಬಣ್ಣ ಇವು ಅಲ್ಲಿಯ ಮಂಗಲಕಾರ್ಯದ ಗುರುತುಗಳು. ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಾರುವ ಆ ಮಲ್ಲಿಗೆ ಇಂದೂ ಮುಂಬಯಿಗೆ ಬರುತ್ತದೆ. ತುಳುನಾಡಿನಿಂದ ಬಂದು ನೆಲೆಸಿದವರ ಮನೆಯ ಮದುವೆಯಲ್ಲಿ ಬೇರಾವ ಬಣ್ಣ ತಪ್ಪಿದರೂ ಈ ಬಿಳಿ ತಪ್ಪುವುದಿಲ್ಲ.

ಕಪ್ಪಿನ ವಿಷಯವಾಗಿ ಒಂದೆರಡು ಮಾತು ಹೇಳಬೇಕಾಗುತ್ತದೆ. ಮದುವೆಯ ಮನೆಯಲ್ಲಿ ಕಪ್ಪು ಸಲ್ಲದೆಂಬುದು ಸಾಮಾನ್ಯವಾದ ನಂಬಿಕೆ. ಆದರೆ ಮುತ್ತೈದೆಯ ಕೊರಳಿನ ಕರಿಮಣಿ ಕಪ್ಪೇ ಅಲ್ಲವೆ? ಧಾರವಾಡದ ಕಡೆ ಮದುಮಗಳಿಗೆ ಕೊಡುವ ಸೀರೆಗಳಲ್ಲಿ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿಗೆ ವಿಶೇಷವಾದ ಸ್ಥಾನವಿತ್ತು. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಿಂದ ತೇರು, ಗೋಪುರ, ಆನೆಯ ಅಂಬಾರಿ, ತುಲಸೀವೃಂದಾವನಗಳನ್ನು ಬಿಡಿಸುವ ಆ ಕೆಲಸಕ್ಕೆ ಕಪ್ಪಿನಷ್ಟು ಒಪ್ಪುವ ನೆಲ ಬೇರೊಂದಿಲ್ಲ. ಹೀಗೆ ಒಂದು ಸೀಮೆಯ ಅಮಂಗಲ ಇನ್ನೊಂದು ಸೀಮೆಯ ಉಡುಗೊರೆಯಾಗಿದೆ. ಬಣ್ಣದಲ್ಲಿ ತಾನಾಗಿ ಶುಭವೂ ಇಲ್ಲ, ಅಶುಭವೂ ಇಲ್ಲ. ಯಾವ ಹೊತ್ತಿನಲ್ಲಿ, ಯಾರ ಕೈಯಿಂದ, ಯಾವ ವಸ್ತುವಾಗಿ ಅದು ಬಂದಿತೆಂಬುದರ ಮೇಲೆ ಅರ್ಥ ನಿಂತಿದೆ.

ಹೊರಜಗತ್ತಿನ ನಿದರ್ಶನಗಳೂ ಇದನ್ನೇ ಸಾರುತ್ತವೆ. ಪ್ರಾಚೀನ ರೋಮಿನ ವಧು ಬೆಂಕಿಯ ಬಣ್ಣದ ಮುಸುಕನ್ನು ಹೊದೆಯುತ್ತಿದ್ದಳು. ಚೀನದಲ್ಲಿ ಮದುವೆಗೆ ಕೆಂಪು, ಶೋಕಕ್ಕೆ ಬಿಳಿ. ಯುರೋಪಿನಲ್ಲಿ ವಧುವಿನ ಬಿಳಿಯ ಉಡುಪು ಅನಾದಿಯೆಂದು ಹಲವರು ಭಾವಿಸುವರಾದರೂ, ಅದು ವ್ಯಾಪಕವಾದುದು ೧೮೪೦ರಲ್ಲಿ ವಿಕ್ಟೋರಿಯಾ ರಾಣಿಯು ಬಿಳಿಯುಟ್ಟು ಮದುವೆಯಾದ ಮೇಲೆ. ಸಂಪ್ರದಾಯವೆಂದು ತೋರುವುದಕ್ಕೂ ಒಂದು ಆರಂಭದ ದಿನವಿರುತ್ತದೆ.

೩. ಆಯ್ಕೆಯೆಂಬುದು ಹುಟ್ಟಿದ ಬಗೆ

ಹಿಂದಿನ ಕಾಲದಲ್ಲಿ ಬಣ್ಣದ ಆಯ್ಕೆಗೆ ಎಲ್ಲೆ ಹಾಕಿದವನು ಬಣ್ಣಗಾರ. ಮಂಜಿಷ್ಠ, ಅರಗುಗಳಿಂದ ಕೆಂಪು. ನೀಲಿಯ ಗಿಡದಿಂದ ನೀಲಿ. ಅರಿಸಿನ ಮೊದಲಾದುವುಗಳಿಂದ ಹಳದಿ. ಹಸುರು ಬೇಕಾದರೆ ನೀಲಿಯಲ್ಲಿ ಒಮ್ಮೆ, ಹಳದಿಯಲ್ಲಿ ಒಮ್ಮೆ ಅದ್ದಬೇಕು. ಪ್ರತಿಯೊಂದು ಬಣ್ಣಕ್ಕೂ ಅದರದೇ ಋತು, ನೀರು, ಕೂಲಿ. ಅಚ್ಚ ಕೆಂಪು ದುಬಾರಿಯಾದುದರಿಂದ ಅದು ಮದುವೆಗೆ ಮೀಸಲಾಯಿತೆಂಬ ಊಹೆಗೆ ಅವಕಾಶವುಂಟು.

೧೮೫೬ರಲ್ಲಿ ಲಂಡನ್ನಿನ ಹದಿನೆಂಟು ವರ್ಷದ ವಿದ್ಯಾರ್ಥಿ ವಿಲಿಯಂ ಪರ್ಕಿನ್ ಕಲ್ಲಿದ್ದಲ ಟಾರಿನಿಂದ ದೊರೆತ ದ್ರವ್ಯಗಳೊಡನೆ ಪ್ರಯೋಗಮಾಡುತ್ತಿದ್ದಾಗ ನೇರಳೆಯ ಕೃತಕ ಬಣ್ಣವೊಂದು ಅಕಸ್ಮಾತ್ತಾಗಿ ಸಿಕ್ಕಿತು. ೧೮೬೮ರಲ್ಲಿ ಜರ್ಮನಿಯ ಗ್ರೇಬೆ, ಲೀಬರ್‌ಮನ್ ಎಂಬ ರಸಾಯನವಿದರು ಮಂಜಿಷ್ಠದ ಜಾತಿಯ ಗಿಡಗಳ ಕೆಂಪನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. ೧೮೯೭ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂದಿತು. ಮುಂಬಯಿಯ ಮೊದಲ ಬಟ್ಟೆಯ ಗಿರಣಿ ತಾರದೇವದಲ್ಲಿ ಕೆಲಸಕ್ಕೆ ತೊಡಗಿದ್ದೂ ಪರ್ಕಿನ್ನನ ಬಣ್ಣ ಹುಟ್ಟಿದ ೧೮೫೬ರಲ್ಲಿಯೇ. ಅಂದಿನಿಂದ ೧೯೮೨ರ ದೊಡ್ಡ ಮುಷ್ಕರದವರೆಗೆ ಗಿರಣಿಯ ಭೋಂಗಾ ಈ ನಗರದ ದಿನಚರಿಯನ್ನು ಆಳಿತು. ಗಿರಣಿ ಮತ್ತು ಕೃತಕ ಬಣ್ಣ ಎರಡೂ ಸೇರಿ, ಹಿಂದೆ ಶ್ರೀಮಂತರಿಗೆ ಮಾತ್ರ ಸಾಧ್ಯವಿದ್ದ ಬಣ್ಣಗಳನ್ನು ಚಾಳಿನ ಮನೆಗಳಿಗೂ ತಂದವು. ಇದೊಂದು ದೊಡ್ಡ ಉಪಕಾರವೆಂದೇ ಹೇಳಬೇಕು. ಅದರೊಡನೆ ಹೊಸ ತೊಡಕೊಂದು ಬಂದಿತು. ಯಾವ ಬಣ್ಣ ಬೇಕಾದರೂ ಸಿಗುವಂತಾದ ಮೇಲೆ ಯಾವುದು ಬೇಕೆಂದು ತಾನೇ ನಿರ್ಧರಿಸಬೇಕಾದ ಭಾರ ಮನೆಯವರ ಮೇಲೆ ಬಿದ್ದಿತು.

ಮುಂಬಯಿಯ ಕನ್ನಡಿಗನಿಗೆ ಈ ಭಾರ ಇಮ್ಮಡಿ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ೧೯೫೬ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು. ದಕ್ಷಿಣ ಕನ್ನಡ ಮದರಾಸಿನಲ್ಲಿತ್ತು. ಮೈಸೂರು ಬೇರೆಯೇ ರಾಜ್ಯ. ಈ ಮೂರೂ ಕಡೆಯಿಂದ ಬಂದವರು ಮಾಟುಂಗ, ಫೋರ್ಟ್, ಅಂಧೇರಿ, ಮುಲುಂಡಗಳಲ್ಲಿ ನೆರೆಹೊರೆಯವರಾದರು. ನಾಡಿನಲ್ಲಿದ್ದರೆ ಎಂದೂ ಕೂಡದಿದ್ದ ಮನೆತನಗಳು ಇಲ್ಲಿ ಬೀಗರಾದವು. ಒಬ್ಬರಿಗೆ ಹಸುರು ಬಳೆಯೇ ಮುಖ್ಯ, ಮತ್ತೊಬ್ಬರಿಗೆ ಮಲ್ಲಿಗೆಯೇ ಮುಖ್ಯ. ಒಬ್ಬರ ಧಾರೆ ಬಿಳಿಯಲ್ಲಿ, ಮತ್ತೊಬ್ಬರದು ಕೆಂಪಿನಲ್ಲಿ. ಕನ್ನಡಿಗರೊಳಗೇ ಒಮ್ಮತವಿಲ್ಲದಿರುವಾಗ ‘ಕನ್ನಡದ ಮದುವೆಯ ಬಣ್ಣ ಯಾವುದು?’ ಎಂಬ ಗುತ್ತಿಗೆದಾರನ ಪ್ರಶ್ನೆಗೆ ಒಂದೇ ಉತ್ತರ ಸಿಗಲಾರದು.

೪. ನೆರೆಯವರ ಬಣ್ಣಗಳು

ಅನ್ಯಭಾಷೆಯವರೊಡನೆ ನಡೆಯುವ ಮದುವೆಗಳು ಈ ನಗರದಲ್ಲಿ ವಿಶೇಷವಲ್ಲ. ಅಲ್ಲಿ ಮೇಲ್ನೋಟಕ್ಕೆ ವಿರೋಧವೆಂದು ತೋರುವುದು ವಿಚಾರಿಸಿದರೆ ಸಾಮ್ಯವಾಗಿ ಪರಿಣಮಿಸುವುದುಂಟು. ಮರಾಠಿ ವಧು ವಿವಾಹವಿಧಿಗೆ ಉಡುವ ಅಷ್ಟಪುತ್ರಿ ಹಳದಿಯ ಸೀರೆ. ಅದು ಸೋದರಮಾವನ ಕೊಡುಗೆ. ಕೈಯಲ್ಲಿ ಹಸುರು ಗಾಜಿನ ಬಳೆ. ಉತ್ತರ ಕರ್ನಾಟಕದ ಮದುಮಗಳಿಗೂ ಅದೇ. ಗುಜರಾತಿ ವಧುವಿನ ಪಾನೇತರ್ ಬಿಳಿಯ ಒಡಲು, ಕೆಂಪು ಅಂಚಿನದು. ಅದನ್ನು ಕೊಡುವವನೂ ಸೋದರಮಾವನೇ. ವರನ ಮನೆಯಿಂದ ಬರುವ ಘರ್‌ಚೋಳಾ ಕೆಂಪು. ಹಳೆಯ ಮೈಸೂರಿನ ಧಾರೆಯ ಸೀರೆಯ ಪಕ್ಕದಲ್ಲಿ ಪಾನೇತರನ್ನು ಇಟ್ಟು ನೋಡಿದರೆ ಎರಡು ಪದ್ಧತಿಗಳು ಒಂದೇ ಮಾತನ್ನು ಹೇಳುತ್ತಿವೆಯೆಂದು ತಿಳಿಯುತ್ತದೆ: ತೌರಿನ ಬಿಳಿಯಿಂದ ಗಂಡನ ಮನೆಯ ಬಣ್ಣಕ್ಕೆ.

ಪಂಜಾಬಿನ ಕೆಂಪು-ಬಿಳಿಯ ಚೂಡಾ ಬಳೆಗಳಿಗೂ ಕನ್ನಡದ ಹಸುರು ಬಳೆಗಳಿಗೂ ಇಂಥ ಹೊಂದಿಕೆ ಸುಲಭವಲ್ಲ. ಎರಡನ್ನೂ ಒಂದೇ ಕೈಗೆ ಒಟ್ಟಿಗೆ ತೊಡಿಸಲು ಹೊರಟರೆ ಎರಡೂ ಕೆಡುತ್ತವೆ. ಬಳೆ ತೊಡಿಸುವ ಶಾಸ್ತ್ರವನ್ನು ಹಿಂದಿನ ದಿನ ಹಸುರಿನಲ್ಲಿ ಮಾಡಿ, ಮುಹೂರ್ತದ ದಿನ ಚೂಡಾ ತೊಡಿಸಿದರೆ ಎರಡು ಮನೆಯವರ ಮನಸ್ಸೂ ನಿಲ್ಲುತ್ತದೆ. ಬಣ್ಣಗಳನ್ನು ಬೆರೆಸುವುದಕ್ಕಿಂತ ಒಂದರ ನಂತರ ಒಂದಾಗಿ ಸಲ್ಲಿಸುವುದು ಕನ್ನಡ ಮದುವೆಯ ಸ್ವಭಾವಕ್ಕೆ ಹೆಚ್ಚು ಅನುಗುಣವಾದುದು. ೧೯೫೫ರ ಹಿಂದೂ ವಿವಾಹ ಕಾಯಿದೆಯು ಉಭಯ ಪಕ್ಷಗಳಲ್ಲಿ ಯಾವೊಂದು ಪಕ್ಷದ ರೂಢಿಯ ವಿಧಿಯಿಂದ ನಡೆದ ಮದುವೆಯನ್ನೂ ಮಾನ್ಯಮಾಡುತ್ತದೆ. ಬಣ್ಣದ ಬಗ್ಗೆ ಅದು ಏನನ್ನೂ ವಿಧಿಸಿಲ್ಲ. ಆದಕಾರಣ ಇಲ್ಲಿ ಬೇಕಾದುದು ಸೌಜನ್ಯವೊಂದೇ.

೫. ಕಣ್ಣು, ಬೆಳಕು ಮತ್ತು ಸಭಾಗೃಹ

ಇನ್ನು ಕಣ್ಣಿಗೆ ಸಂಬಂಧಿಸಿದ ವಿಚಾರ. ಪ್ಯಾರಿಸ್ಸಿನ ಗೋಬೆಲಿನ್ ಜಮಖಾನೆಯ ಕಾರ್ಖಾನೆಯಲ್ಲಿ ಬಣ್ಣದ ವಿಭಾಗದ ಮುಖ್ಯಸ್ಥನಾಗಿದ್ದ ಶೆವ್ರ್ಯೂಲ್ ಎಂಬ ರಸಾಯನವಿದನ ಬಳಿಗೆ ಒಂದು ದೂರು ಬಂದಿತು: ಅಲ್ಲಿ ಹಾಕಿದ ಕಪ್ಪು ನೂಲು ನೇಯ್ಗೆಯಲ್ಲಿ ಸಪ್ಪೆಯಾಗಿ ಕಾಣುತ್ತದೆಂದು. ಪರೀಕ್ಷಿಸಿ ನೋಡಲಾಗಿ ನೂಲಿನಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿದ್ದ ನೀಲಿ, ನೇರಳೆಗಳಿಂದ ಕಪ್ಪು ಹಾಗೆ ತೋರುತ್ತಿತ್ತು. ಬಣ್ಣವು ತನ್ನ ನೆರೆಯ ಬಣ್ಣದಿಂದ ಬದಲಾಗಿ ಕಾಣುತ್ತದೆಂಬ ಈ ತತ್ತ್ವವನ್ನು ಅವನು ೧೮೩೯ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಕೆಂಪಿನ ಪಕ್ಕದಲ್ಲಿ ಹಸುರನ್ನಿಟ್ಟರೆ ಎರಡೂ ಹೆಚ್ಚು ಉಜ್ಜ್ವಲವಾಗಿ ತೋರುವುವು. ಹಸುರು ಒಡಲಿಗೆ ಕೆಂಪು ಸೆರಗನ್ನಿಟ್ಟ ಇಳಕಲ್ಲಿನ ನೇಕಾರನಿಗೂ, ಕೆಂಪು ಸೀರೆಯ ವಧುವನ್ನು ಬಾಳೆಯ ಕಂಬ, ಮಾವಿನ ತೋರಣಗಳ ಚಪ್ಪರದಡಿ ಕೂರಿಸಿದ ಹಳ್ಳಿಯ ಯಜಮಾನನಿಗೂ ಇದು ಅನುಭವದಿಂದ ತಿಳಿದಿತ್ತು.

ಇದರಿಂದ ಹೊರಡುವ ನಿರ್ಣಯ ‘ಒಂದೇ ಬಣ್ಣದ ಥೀಮ್’ ಎಂಬುದಕ್ಕೆ ಅನುಕೂಲವಾಗಿಲ್ಲ. ವಧುವಿನ ಸೀರೆಯ ಬಣ್ಣವನ್ನೇ ಮಂಟಪದ ಹಿನ್ನೆಲೆಗೆ ಕಟ್ಟಿಸಿದರೆ ವಧು ಹಿನ್ನೆಲೆಯಲ್ಲಿ ಕರಗಿಹೋಗುತ್ತಾಳೆ; ಅಕ್ಕತಂಗಿಯರೆಲ್ಲ ಅದೇ ಬಣ್ಣ ಉಟ್ಟು ಸುತ್ತ ನಿಂತರೆ ಮದುಮಗಳು ಯಾರೆಂದು ಹುಡುಕಬೇಕಾಗುತ್ತದೆ. ಕೆಂಪು ಸೀರೆಗೆ ಎಲೆಯ ಹಸುರು ಅಥವಾ ಮಲ್ಲಿಗೆಯ ಬಿಳಿ ಹಿನ್ನೆಲೆಯಾಗಬಹುದು. ಧಾರೆಯ ಬಿಳಿಯ ಸೀರೆಗೆ ಬಿಳಿಯ ಮಂಟಪ ಒಪ್ಪದು. ಸೇವಂತಿಗೆಯ ಹಳದಿಯೋ ಚೆಂಡು ಹೂವಿನ ಕೇಸರಿಯೋ ಒಪ್ಪುತ್ತದೆ. ಇವೆಲ್ಲವೂ ದಾದರದ ಹೂವಿನ ಪೇಟೆಯಲ್ಲಿ ಬೆಳಗಿನ ಹೊತ್ತು ಸಿಗುವಂಥವೇ.

ಬೆಳಕಿನ ವಿಷಯದಲ್ಲಿ ಇನ್ನೊಂದು ಎಚ್ಚರ ಅವಶ್ಯ. ಹಳ್ಳಿಯ ಚಪ್ಪರದಲ್ಲಿ ಹಗಲಿನ ಬೆಳಕಿತ್ತು. ಮುಂಬಯಿಯ ಸಭಾಗೃಹ ಮುಚ್ಚಿದ ಕೋಣೆ. ಬೆಳಗಿನ ಮುಹೂರ್ತಕ್ಕೂ ಅಲ್ಲಿ ವಿದ್ಯುದ್ದೀಪವೇ ಗತಿ. ದೀಪದಿಂದ ದೀಪಕ್ಕೆ ಬೆಳಕಿನಲ್ಲಿರುವ ವರ್ಣಗಳ ಪ್ರಮಾಣ ಬೇರೆಯಾಗುವುದರಿಂದ, ಅಂಗಡಿಯ ದೀಪದಡಿ ಸರಿಹೊಂದಿದ ಎರಡು ಬಟ್ಟೆಗಳು ಸಭಾಗೃಹದ ದೀಪದಡಿ ಹೊಂದದೆ ಹೋಗಬಹುದು. ದಾದರದ ಹಿಂದ್‌ಮಾತಾದಲ್ಲಿಯೋ ಮಂಗಳದಾಸ ಮಾರುಕಟ್ಟೆಯಲ್ಲಿಯೋ ಸೀರೆ ಕೊಳ್ಳುವ ಹಿರಿಯ ಹೆಂಗಸರು ಅದನ್ನು ಅಂಗಡಿಯ ಬಾಗಿಲಿಗೆ ತಂದು ಹಗಲಿನಲ್ಲಿ ನೋಡುವುದು ಈ ಕಾರಣದಿಂದ ಯುಕ್ತವೇ. ಆದರೆ ಮದುವೆ ನಡೆಯುವುದು ಸಭಾಗೃಹದಲ್ಲಿಯಾದುದರಿಂದ ಮಂಟಪದ ಬಟ್ಟೆಯ ತುಂಡನ್ನೂ ಸೀರೆಯನ್ನೂ ಒಟ್ಟಿಗೆ ಅಲ್ಲಿಗೆ ಒಯ್ದು, ಅಲ್ಲಿಯ ದೀಪಗಳನ್ನು ಹೊತ್ತಿಸಿ ನೋಡುವುದು ಇನ್ನೂ ಯುಕ್ತ. ಹಾಸಿಗೊಂದು ಬಣ್ಣ, ಹೊಕ್ಕಿಗೊಂದು ಬಣ್ಣ ಹಾಕಿ ನೇಯ್ದ ರೇಶಿಮೆ ಸೀರೆಗಳು ಮಡಿಕೆಯೊಡನೆ ಎರಡು ಬಣ್ಣವಾಗಿ ತೋರುವುದರಿಂದ ಎರಡು ಬಗೆಯ ಹಿನ್ನೆಲೆಗೂ ಹೊಂದಿಕೊಳ್ಳುತ್ತವೆ. ಒಂದೇ ಸೀರೆಯಲ್ಲಿ ಮುಹೂರ್ತವನ್ನೂ ಸಂಜೆಯ ಆರತಕ್ಷತೆಯನ್ನೂ ಕಳೆಯಬೇಕಾದವರಿಗೆ ಅವು ಉಪಯುಕ್ತ.

೬. ಬಣ್ಣವು ಹೊರಗಿಡುವವರು

ಇಷ್ಟರವರೆಗೆ ಹೇಳಿದ್ದು ಅಂದದ ಮಾತು. ಬಣ್ಣದ ವಿಚಾರದಲ್ಲಿ ಅದಕ್ಕಿಂತ ಗುರುತರವಾದ ಸಂಗತಿಯೊಂದಿದೆ. ಮದುವೆಯ ಮನೆಯಲ್ಲಿ ಬಣ್ಣವು ಜನರನ್ನು ಸೇರಿಸುವಂತೆ ಬೇರ್ಪಡಿಸುವುದೂ ಉಂಟು.

ಗಂಡನನ್ನು ಕಳೆದುಕೊಂಡ ತಾಯಿ ಮಗಳ ಧಾರೆಗೆ ಕೂಡಲಾಗದೆ ಬೇರೆ ದಂಪತಿಗಳಿಗೆ ಆ ಸ್ಥಾನ ಬಿಟ್ಟುಕೊಟ್ಟು, ಮಾಸಿದ ಬಣ್ಣದ ಸೀರೆಯುಟ್ಟು ಹಿಂದೆ ನಿಲ್ಲುವ ದೃಶ್ಯ ಕನ್ನಡ ಮನೆಗಳಿಗೆ ಅಪರಿಚಿತವಲ್ಲ. ಮಗಳನ್ನು ಸಾಕಿ, ಓದಿಸಿ, ಮದುವೆಯ ಖರ್ಚನ್ನೂ ಹೊತ್ತವಳು ಅವಳೇ. ಅರಿಸಿನ ಕುಂಕುಮದ ತಟ್ಟೆ ಮಾತ್ರ ಅವಳನ್ನು ದಾಟಿಹೋಗುತ್ತದೆ. ಇದಕ್ಕೆ ಬಣ್ಣದ ನಿಯಮವನ್ನು ಆಧಾರವಾಗಿ ಹೇಳುವವರು ಒಂದು ಸಂಗತಿಯನ್ನು ಯೋಚಿಸಬೇಕು. ಹಲವು ಸಮುದಾಯಗಳಲ್ಲಿ ವಿಧವೆಗೆ ಬಿಳಿಯೆಂದಿತ್ತು. ಅದೇ ಬಿಳಿ ಹಳೆಯ ಮೈಸೂರಿನಲ್ಲಿ ಧಾರೆಯ ಬಣ್ಣ. ಬ್ರಾಹ್ಮಣ ಮನೆಗಳಲ್ಲಿ ತಲೆ ಬೋಳಿಸಿದ ವಿಧವೆಗೆ ಉಡಿಸುತ್ತಿದ್ದುದು ಕೆಂಪು ಸೀರೆ. ಅದೇ ಕೆಂಪು ಕೊಡಗಿನ ಮದುಮಗಳ ಬಣ್ಣ. ಮಂಗಲವೂ ಅಮಂಗಲವೂ ಒಂದೇ ಬಣ್ಣದಲ್ಲಿರಬಹುದಾದರೆ ದೋಷವನ್ನು ಬಣ್ಣದ ಮೇಲೆ ಹೊರಿಸುವುದು ಹೇಗೆ? ಆ ನಿಯಮವನ್ನು ಮಾಡಿದವರು ಮನುಷ್ಯರು, ತಿದ್ದಬೇಕಾದವರೂ ಅವರೇ. ವಿಧವಾವಿವಾಹಕ್ಕೆ ಕಾಯಿದೆಯ ಮನ್ನಣೆ ದೊರೆತದ್ದು ೧೮೫೬ರಲ್ಲಿ, ಪರ್ಕಿನ್ನನ ಬಣ್ಣ ಹೊರಬಂದ ವರ್ಷದಲ್ಲಿಯೇ. ಆ ಹೊಸ ಬಣ್ಣವನ್ನು ಸಮಾಜ ಕೆಲವೇ ವರ್ಷಗಳಲ್ಲಿ ಬರಮಾಡಿಕೊಂಡಿತು. ಕಾಯಿದೆಯ ಆಶಯ ಮಂಟಪದವರೆಗೆ ಇನ್ನೂ ಪೂರ್ತಿಯಾಗಿ ನಡೆದುಬಂದಿಲ್ಲ. ಇಂದು ಮುಂಬಯಿಯ ಕೆಲವು ಮನೆಗಳಲ್ಲಿ ತಾಯಿ ತನ್ನ ಇಷ್ಟದ ಬಣ್ಣವನ್ನುಟ್ಟು ಧಾರೆಗೆ ಕೂಡುವುದುಂಟು. ಮಿಕ್ಕ ಮನೆಗಳಲ್ಲಿಯೂ ವರ್ಣಯೋಜನೆಯ ಮಾತು ಬಂದಾಗ ಮೊದಲು ತೀರ್ಮಾನವಾಗಬೇಕಾದುದು ಇದೇ.

ಹಳೆಯ ಹೊರಗಿಡುವಿಕೆ ಇಂತಾದರೆ ಹೊಸದೊಂದು ಸದ್ದಿಲ್ಲದೆ ಬರುತ್ತಿದೆ. ಅರಿಸಿನದ ಶಾಸ್ತ್ರಕ್ಕೆ ಎಲ್ಲರೂ ಹಳದಿ, ಮೆಹಂದಿಗೆ ಹಸುರು, ಆರತಕ್ಷತೆಗೆ ಮತ್ತೊಂದು ಎಂದು ಬಂಧುಗಳಿಗೆ ಮುಂಚಿತವಾಗಿ ತಿಳಿಸುವ ಪದ್ಧತಿ ಬೆಳೆದಿದೆ. ಅನುಕೂಲಸ್ಥರಿಗೆ ಇದೊಂದು ವಿನೋದ. ಉಪನಗರದ ಒಂದು ಕೋಣೆಯ ಮನೆಯಲ್ಲಿ ನಾಲ್ವರು ಮಕ್ಕಳನ್ನು ಸಾಕುವ ಚಿಕ್ಕಮ್ಮನಿಗೆ ಮೂರು ಹೊಸ ಸೀರೆಗಳ ಖರ್ಚು. ಉಡದೆ ಬಂದರೆ ಚಿತ್ರದಲ್ಲಿ ಎದ್ದು ಕಾಣುವ ಸಂಕೋಚ; ಆ ಸಂಕೋಚಕ್ಕೆ ಅಂಜಿ ಅವಳು ಮದುವೆಗೆ ಬಾರದೆಯೂ ಇರಬಹುದು. ಅಂತೆಯೇ ಸೋದರಮಾವನು ಊರಿನಿಂದ ಕೊಂಡುತಂದ ಸೀರೆಯನ್ನು ‘ಈ ಬಣ್ಣ ಥೀಮಿಗೆ ಹೊಂದುವುದಿಲ್ಲ’ ಎಂದು ಪೆಟ್ಟಿಗೆಗೆ ಸೇರಿಸಿದರೆ ಅವಮಾನವಾಗುವುದು ಸೀರೆಗಲ್ಲ. ಕೊಡುವವನ ಕೈಯಿಂದ ಬಣ್ಣಕ್ಕೆ ಅರ್ಥ ಬರುತ್ತಿದ್ದ ಪದ್ಧತಿಯಲ್ಲಿ ಕೊಡುವವನನ್ನೇ ಮರೆತರೆ ಉಳಿಯುವುದು ಬಟ್ಟೆ ಮಾತ್ರ.

೭. ನಿರ್ಧಾರದ ಕ್ರಮ

ಈ ವಿವೇಚನೆಯಿಂದ ಬಣ್ಣದ ಆಯ್ಕೆಗೆ ಒಂದು ಕ್ರಮವನ್ನು ಸೂಚಿಸಬಹುದು. ಮೊದಲನೆಯದಾಗಿ ಬದಲಾಗದ ಬಣ್ಣಗಳನ್ನು ಎರಡು ಮನೆಯವರೂ ಕೂಡಿ ಬರೆದುಕೊಳ್ಳತಕ್ಕದ್ದು: ಅರಿಸಿನ, ಕುಂಕುಮ, ಬಳೆಯ ಹಸುರು, ಧಾರೆಯ ಸೀರೆಯ ಬಣ್ಣ, ಹೂವಿನ ಬಿಳಿ. ಎರಡನೆಯದಾಗಿ ಯಾರು ಯಾವ ಬಟ್ಟೆಯನ್ನು ಕೊಡುವರೆಂದು ತಿಳಿದು, ಕೊಡುವವರೊಡನೆಯೇ ಬಣ್ಣದ ಮಾತನ್ನು ಆಡಿ ಮುಗಿಸಬೇಕು. ಮದುಮಗಳನ್ನು ಕರೆದುಕೊಂಡು ಹೋಗಿ ಕೊಳ್ಳುವುದಕ್ಕೆ ಸೋದರಮಾವನಿಗೆ ಸಾಮಾನ್ಯವಾಗಿ ಸಂತೋಷವೇ ಆಗುತ್ತದೆ. ಮೂರನೆಯದಾಗಿ ಒಂದಕ್ಕೊಂದು ವಿರೋಧವಾದವುಗಳನ್ನು ಬೇರೆ ಬೇರೆ ಹೊತ್ತಿಗೆ ಹಂಚಬೇಕು. ಮಂಟಪ, ಹಿನ್ನೆಲೆ, ದೀಪಗಳ ಸರದಿ ನಾಲ್ಕನೆಯದು. ಅವು ವಧೂವರರ ಬಟ್ಟೆಗೆ ಒಪ್ಪುವಂತಿರಬೇಕಲ್ಲದೆ ಬಟ್ಟೆಯನ್ನು ಅವುಗಳಿಗೆ ಒಪ್ಪಿಸತಕ್ಕದ್ದಲ್ಲ. ಗುತ್ತ್ತಿಗೆದಾರನು ಕೇಳುವ ಪ್ರಶ್ನೆಗೆ ಉತ್ತರ ಸಿಗುವುದು ಈ ಹಂತದಲ್ಲಿ. ಬಂಧುಗಳ ಉಡುಗೆಯನ್ನು ಅವರವರ ಇಷ್ಟಕ್ಕೂ ಅನುಕೂಲಕ್ಕೂ ಬಿಡುವುದು ಐದನೆಯದು. ಹಲವು ಬಣ್ಣದ ಸೀರೆಗಳ ನಡುವೆ ಮಂಟಪ ಕಳೆಗುಂದುವುದೆಂಬ ಭಯಕ್ಕೆ ಕಾರಣವಿಲ್ಲ. ಕನ್ನಡ ನಾಡಿನ ಚಪ್ಪರಗಳು ಎಂದಿನಿಂದಲೂ ಹಾಗೆಯೇ ತುಂಬಿದ್ದವು.

ಹೊಸ ಬಟ್ಟೆಯನ್ನು ಉಡುವ ಮೊದಲು ಅದರ ಮೂಲೆಗೆ ಅರಿಸಿನ ಕುಂಕುಮ ಹಚ್ಚುವ ರೂಢಿ ಕನ್ನಡಿಗರಲ್ಲಿ ಇಂದೂ ಇದೆ. ಬಟ್ಟೆ ಬಿಳಿಯಿರಲಿ, ಕಪ್ಪಿರಲಿ, ಪೇಟೆಗೆ ನಿನ್ನೆ ಬಂದ ಹೆಸರರಿಯದ ಬಣ್ಣದ್ದಿರಲಿ, ಆ ಒಂದು ಬೊಟ್ಟಿನಿಂದ ಅದು ಮಂಗಲಕಾರ್ಯಕ್ಕೆ ಯೋಗ್ಯವಾಗುತ್ತದೆಂದು ಹಿರಿಯರು ಒಪ್ಪಿದ್ದಾರೆ. ಎಲ್ಲ ಬಣ್ಣಗಳನ್ನೂ ಒಳಕ್ಕೆ ಕರೆದುಕೊಳ್ಳುವ ಉಪಾಯವನ್ನು ಹೀಗೆ ಪದ್ಧತಿಯೇ ಇರಿಸಿಕೊಂಡಿದೆ. ಆ ಬೊಟ್ಟು ತಾಯಿಯ ಸೀರೆಯ ಮೂಲೆಗೂ ಚಿಕ್ಕಮ್ಮನ ಹಳೆಯ ರೇಶಿಮೆಗೂ ತಲುಪುವಂತೆ ನೋಡಿಕೊಂಡರೆ, ಮುಂಬಯಿಯ ಮದುವೆಯ ಮನೆಗೆ ಬೇರೆ ಥೀಮಿನ ಅವಶ್ಯಕತೆ ಅಷ್ಟಾಗಿ ಉಳಿಯದು.